ಪಿಎಚ್.ಡಿ ಮಾಡಬೇಕು: ಗೈಡ್ ಹುಡುಕೋದು ಹೇಗೆ, ಹಣ ಎಲ್ಲಿಂದ?

ವರದಾತೀರ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 27. ಇತಿಹಾಸದಲ್ಲಿ ಎಂ.ಎ ಆಗಿದೆ. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಈ ಸಲ ಯುಜಿಸಿ ನೆಟ್, ಅಂದರೆ ಉಪನ್ಯಾಸಕರ ಅರ್ಹತೆಗೂ ಸಂಶೋಧನೆಗೂ ಇರುವ ರಾಷ್ಟ್ರೀಯ ಪರೀಕ್ಷೆ, ಬರೆದಿದ್ದೆ. ಸಂಶೋಧನೆಗೆ ತಿಂಗಳು ತಿಂಗಳು ಹಣ ಕೊಡುವ ಜೆಆರ್‌ಎಫ್ ಫೆಲೋಶಿಪ್ ಬರಲಿಲ್ಲ, ಸಹಾಯಕ ಪ್ರಾಧ್ಯಾಪಕ ಅರ್ಹತೆಯೂ ಬರಲಿಲ್ಲ. 'ಪಿಎಚ್.ಡಿ ಪ್ರವೇಶಕ್ಕೆ ಮಾತ್ರ' ಅನ್ನುವ ಮೂರನೇ ಗುಂಪಿನಲ್ಲಿ ಪಾಸಾಗಿದ್ದೇನೆ.

ನನ್ನ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತಿದೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೆಳೆಸಲು ಹೊರಟಿತು. ಅಲ್ಲಿಂದ ಜನರನ್ನೂ ಕರೆಸಿದರು, ಹತ್ತಿ ಬಿಡಿಸುವ ಜಿನ್‌ಗಳನ್ನೂ ತರಿಸಿದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದ ಮೇಲೆ ಕುಸಿಯಿತು. ಈ ಏರಿಳಿತದಲ್ಲಿ ನಮ್ಮ ಕಡೆಯ ಸಣ್ಣ ರೈತರು ಏನಾದರು? ಅದನ್ನೇ ಹುಡುಕಬೇಕು ಅಂತ ಆಸೆ.

ಮನೆಯಲ್ಲಿ ಬೇಡ ಅಂತ ಯಾರೂ ಹೇಳಿಲ್ಲ. ಆದರೆ ಐದು ವರ್ಷ ಮನೆಯಿಂದ ದುಡ್ಡು ತರಿಸಿಕೊಂಡು ಓದುವ ಸ್ಥಿತಿ ಇಲ್ಲ. ಗೈಡ್‌ನ ಹುಡುಕುವುದು ಎಲ್ಲಿಂದ ಶುರು ಮಾಡಬೇಕು? ಜೆಆರ್‌ಎಫ್ ಇಲ್ಲದವರಿಗೆ ಬೇರೆ ಹಣ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಶಾಲ್ಮಲಾ:

ವಿಷಯ ಚೆನ್ನಾಗಿದೆ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಗೈಡ್. ನಿಮ್ಮಂಥವರು ವಾರಕ್ಕೊಬ್ಬರಾದರೂ ಬರುತ್ತಾರೆ, ಹೆಚ್ಚಿನವರು 'ನಿಮ್ಮಲ್ಲಿ ಸೀಟ್ ಇದೆಯಾ ಸರ್' ಅಂತಲೇ ಮಾತು ಶುರು ಮಾಡುತ್ತಾರೆ. ವಿಷಯ ಇಟ್ಟುಕೊಂಡು ಬರುವವರು ಕಡಿಮೆ. ಅರ್ಧ ಕೆಲಸ ನೀವು ಆಗಲೇ ಮಾಡಿದ್ದೀರಿ.

ಮೊದಲು ಸೀಟಿನ ಲೆಕ್ಕ ತಿಳಿದುಕೊಳ್ಳಿ. ಯುಜಿಸಿಯ 2022ರ ನಿಯಮದ ಪ್ರಕಾರ ಒಂದೇ ಹೊತ್ತಿಗೆ ಪ್ರೊಫೆಸರ್ ಕೈಕೆಳಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು ಇರಬಹುದು, ಅಷ್ಟೇ. ಒಬ್ಬರು ಮುಗಿಸಿ ಹೋದರೆ ಮಾತ್ರ ಜಾಗ ಖಾಲಿ. ಇನ್ನೊಂದು ನಿಯಮ ತುಂಬಾ ಜನಕ್ಕೆ ಗೊತ್ತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಎಷ್ಟೇ ದೊಡ್ಡ ಹೆಸರಿದ್ದರೂ ಅಷ್ಟೇ. ಆದ್ದರಿಂದ ಗೈಡ್ ಯಾವಾಗ ನಿವೃತ್ತರಾಗುತ್ತಾರೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ, ವಿಭಾಗದ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಈಗ ಹುಡುಕುವ ಬಗೆ. ಶೋಧಗಂಗಾ ಅಂತ ಒಂದು ತಾಣ ಇದೆ, ಇನ್‌ಫ್ಲಿಬ್‌ನೆಟ್‌ನವರದು. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳು ಅಲ್ಲಿ ಪೂರ್ತಿ ಸಿಗುತ್ತವೆ, ಕಾಸು ಕೊಡಬೇಕಿಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ಪದ ಹಾಕಿ ಹುಡುಕಿ. ಧಾರವಾಡ, ಹತ್ತಿ, ಮುಂಬೈ ಪ್ರಾಂತ್ಯದ ಕಂದಾಯ, ರೈತರ ಸಾಲ, ಹೀಗೆ. ಸಿಕ್ಕ ಪ್ರತಿಯೊಂದು ಪ್ರಬಂಧದಲ್ಲೂ ಗೈಡ್ ಯಾರು ಅಂತ ಬರೆದುಕೊಳ್ಳಿ. ಆಮೇಲೆ ಅದೇ ಗೈಡ್ ಹೆಸರು ಹಾಕಿ ಇನ್ನೊಮ್ಮೆ ಹುಡುಕಿ. ಅವರ ಕೈಕೆಳಗೆ ಎಷ್ಟು ಪ್ರಬಂಧ ಮುಗಿದಿವೆ, ಯಾವ ವಿಷಯದವು, ಎಲ್ಲ ಸಾಲಾಗಿ ಬರುತ್ತದೆ.

ಆಮೇಲೆ ಎರಡು ಜಾಗ ನೋಡಿ. ಒಂದು, ನೋಂದಣಿ ಆದ ವರ್ಷ ಮತ್ತು ಪ್ರಬಂಧ ಸಲ್ಲಿಸಿದ ವರ್ಷ. ನಡುವಿನ ಅಂತರ ನಾಲ್ಕೈದು ವರ್ಷ ಇದ್ದರೆ ಸರಿ, ಎಲ್ಲರಿಗೂ ಎಂಟು ಒಂಬತ್ತು ಆಗಿದ್ದರೆ ಯಾಕೆ ಅಂತ ವಿಚಾರಿಸಬೇಕು. ಎರಡು, ಕೃತಜ್ಞತೆಯ ಪುಟ. ಯಾವ ದಾಖಲೆ ಸಂಗ್ರಹಕ್ಕೆ ಹೋಗಿದ್ದರು, ಯಾರು ಫೆಲೋಶಿಪ್ ಕೊಟ್ಟರು, ಅಲ್ಲೇ ಬರೆದಿರುತ್ತಾರೆ. ಹಣ ಎಲ್ಲಿಂದ ಬರುತ್ತದೆ ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಪುಟದಲ್ಲೇ ಸಿಗುತ್ತದೆ. ಆ ಸಂಶೋಧಕರಿಗೆ ಫೋನ್ ಮಾಡಿ ಮಾತಾಡಿ. ಪಿಎಚ್.ಡಿ ಮುಗಿಸಿದವರು ಗೈಡ್ ಬಗ್ಗೆ ನೇರವಾಗಿ ಹೇಳುತ್ತಾರೆ. ಈಗ ಮಾಡುತ್ತಿರುವವರಿಗೆ ಅಷ್ಟು ಬಿಚ್ಚಿ ಹೇಳುವುದು ಕಷ್ಟ.

ಕೊಡಚಾದ್ರಿ:

ನಾನು ಬೆಂಗಳೂರಿನಲ್ಲಿ ಜೀವವಿಜ್ಞಾನದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಹಣದ ವಿಚಾರಕ್ಕೆ ನಾನು ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೂರ್ಣಾವಧಿ ಪಿಎಚ್.ಡಿ ಅಂದರೆ ಅದು ಕೆಲಸ. ಕೆಲಸಕ್ಕೆ ಸಂಬಳ ಬರಬೇಕು. ಕೈಯಿಂದ ಹಾಕಿ ಮಾಡುತ್ತೇನೆ ಅಂತ ಹೊರಟವರು ಎರಡನೇ ವರ್ಷಕ್ಕೆ ಟ್ಯೂಷನ್, ಮೂರನೇ ವರ್ಷಕ್ಕೆ ಬೇರೆ ನೌಕರಿ, ಆಮೇಲೆ ಪ್ರಬಂಧ ಕಪಾಟಿನಲ್ಲಿ. ಇದನ್ನು ನನ್ನ ಸುತ್ತಮುತ್ತ ಬಹಳ ನೋಡಿದ್ದೇನೆ, ನೋಡಿ ಹೊಟ್ಟೆ ಉರಿಯುತ್ತದೆ. ಬುದ್ಧಿ ಕಡಿಮೆ ಆಗಿ ಬಿಟ್ಟವರಲ್ಲ ಅವರು.

ಹಣದಲ್ಲಿ ಎರಡು ಬಗೆ. ನೋಂದಣಿಗೆ ಮೊದಲೇ ಅರ್ಹತೆ ಗಳಿಸಿಕೊಳ್ಳಬಹುದಾದದ್ದು ಒಂದು. ನೋಂದಣಿ ಆದ ಮೇಲೆ ಮಾತ್ರ ಕೇಳಬಹುದಾದದ್ದು ಇನ್ನೊಂದು. ಜೆಆರ್‌ಎಫ್ ಮೊದಲನೆಯದು. ಈಗ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆಗಿ 42,000. 2023ರ ಜನವರಿಯಿಂದ ಈ ದರ. ಇದರ ಮೇಲೆ ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಮ್ಮೆ ಪುಸ್ತಕ ಓಡಾಟಕ್ಕೆ ಕಂಟಿಂಜೆನ್ಸಿ. ಒಟ್ಟು ಐದು ವರ್ಷ.

ಐಸಿಎಚ್‌ಆರ್ (ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ), ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಕೊಡುವ ಫೆಲೋಶಿಪ್‌ಗಳು ಎರಡನೆಯ ಬಗೆ. ಪಿಎಚ್.ಡಿಗೆ ನೋಂದಣಿ ಆಗಿರಬೇಕು, ಆಮೇಲೆ ಅರ್ಜಿ. ನಿಮ್ಮ ವಿಷಯ ಇತಿಹಾಸ ಆದ್ದರಿಂದ ಐಸಿಎಚ್‌ಆರ್ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಅವರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ದಾಖಲೆ ನೋಡಲು ಊರೂರು ಸುತ್ತುವವರಿಗೆ ಅಂತಲೇ ಪ್ರತ್ಯೇಕ ಪ್ರವಾಸ ಅನುದಾನವೂ ಇದೆ. ಮೊತ್ತ ಜೆಆರ್‌ಎಫ್‌ಗಿಂತ ಬಹಳ ಕಡಿಮೆ, ಅದು ನೆನಪಿರಲಿ. ಎರಡು ಫೆಲೋಶಿಪ್ ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದವರಿಗೂ ತಿಂಗಳಿಗೆ 8,000 ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ ಕಲಬುರಗಿಯದು ಕೇಂದ್ರೀಯ ವಿಶ್ವವಿದ್ಯಾಲಯ. ಬೆಂಗಳೂರಿನ ಐಸೆಕ್, ಅಂದರೆ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ, ಸಮಾಜ ವಿಜ್ಞಾನದಲ್ಲಿ ಪಿಎಚ್.ಡಿ ಮಾಡಿಸುತ್ತದೆ, ಅಲ್ಲಿ ಫೆಲೋಶಿಪ್ ವ್ಯವಸ್ಥೆ ಇದೆ. ರೈತರ ಸಾಲ ಅಂತ ಶಾಲ್ಮಲಾ ಅವರು ಹೇಳಿದರಲ್ಲ, ಆ ಕಡೆಯಿಂದ ನೋಡಿದರೆ ಅಲ್ಲಿಗೂ ಹೊಂದುತ್ತದೆ.

ವರದಾತೀರ:

ತುಂಬಾ ಧನ್ಯವಾದ ಇಬ್ಬರಿಗೂ. ಶೋಧಗಂಗಾ ತೆಗೆದು ಕೂತಿದ್ದೆ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಒಂದು ಸಂದೇಹ. ನಾನು ಈಗ ನೋಂದಣಿ ಮಾಡಿಸಿ, ಆಮೇಲೆ ನೆಟ್ ಮತ್ತೆ ಬರೆದು ಜೆಆರ್‌ಎಫ್ ಬಂದರೆ ಸೇರಿಸಿಕೊಳ್ಳುತ್ತಾರಾ?

ಕೊಡಚಾದ್ರಿ:

ಸೇರಿಸಿಕೊಳ್ಳುತ್ತಾರೆ. ನನ್ನ ಜೊತೆಯವರೇ ಹಾಗೆ ಮಾಡಿದ್ದಾರೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಆದರೆ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರಿಗೂ ಅಷ್ಟೇ. ನಿಮಗೆ 35ರವರೆಗೆ ಸಮಯ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಇಷ್ಟೇ ಸಲ ಬರೆಯಬೇಕು ಅಂತ ಮಿತಿ ಇಲ್ಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ.

ಬಯಲುಸೀಮೆ:

ಕೊಡಚಾದ್ರಿಯವರ ಮಾತಿಗೆ ನನ್ನದೊಂದು ತಕರಾರಿದೆ. ಹಣ ಇಲ್ಲದೆ ಹೊರಡಬೇಡಿ ಅನ್ನುವುದು ಕೇಳಲು ಸರಿ. ಆದರೆ ನೆಟ್‌ನಲ್ಲಿ ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಬಿ.ಎ, ಎಂ.ಎ ಎರಡನ್ನೂ ಕನ್ನಡದಲ್ಲಿ ಬರೆದ ನಮ್ಮ ಹುಡುಗರು ಉತ್ತರ ಗೊತ್ತಿದ್ದೂ ಪ್ರಶ್ನೆ ಅರ್ಥ ಮಾಡಿಕೊಳ್ಳುವುದರಲ್ಲಿ ಹಿಂದೆ ಬೀಳುತ್ತಾರೆ. ಹಿಂದಿಯಲ್ಲಿ ಓದಿದವರಿಗೆ ಈ ಕಷ್ಟ ಇಲ್ಲ. ಇದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕನ್ನಡದಲ್ಲೂ ಇದೆ, ಆದರೆ ಅದರಲ್ಲಿ ಫೆಲೋಶಿಪ್ ಇಲ್ಲ, ಬರೀ ಉಪನ್ಯಾಸಕರ ಅರ್ಹತೆ.

ನಾನು ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದುಕೊಂಡೇ ಪಾರ್ಟ್ ಟೈಮ್ ಪಿಎಚ್.ಡಿ ಮಾಡುತ್ತಿದ್ದೇನೆ. 2022ರ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಕೆಲಸ ಕೊಟ್ಟವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು, ಓದಲು ಸಮಯ ಕೊಡುತ್ತೇವೆ ಅಂತ ಅವರು ಬರೆದುಕೊಡಬೇಕು. ಕೋರ್ಸ್‌ವರ್ಕ್, ಅಂದರೆ ಶುರುವಿನ ತರಗತಿ ಮತ್ತು ಪರೀಕ್ಷೆ, ಎಲ್ಲರ ಹಾಗೇ ಮಾಡಬೇಕು. ನಿಧಾನ ಆಗುತ್ತದೆ, ನಿಜ. ಆದರೆ ಸಂಬಳ ನಿಲ್ಲಲಿಲ್ಲ, ಮನೆ ನಡೆಯಿತು, ಪ್ರಬಂಧದ ನಾಲ್ಕು ಅಧ್ಯಾಯ ಆಗಿವೆ. ಇದನ್ನೂ ದಾರಿ ಅಂತ ಒಪ್ಪಬೇಕಲ್ವಾ?

ಕೊಡಚಾದ್ರಿ:

ಒಪ್ಪುತ್ತೇನೆ ಸರ್. ಕಾಯಂ ನೌಕರಿ ಇದ್ದವರಿಗೆ ಅದು ಒಳ್ಳೆಯ ದಾರಿ. ಆದರೆ ಅತಿಥಿ ಉಪನ್ಯಾಸಕಿಗೆ? ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಎನ್‌ಒಸಿ ಯಾರ ಹತ್ತಿರ ತರಬೇಕು? ಅದೂ ಅಲ್ಲದೆ ಪಾರ್ಟ್ ಟೈಮ್ ಆದರೆ ಜೆಆರ್‌ಎಫ್ ಬಾಗಿಲು ಮುಚ್ಚಿದ ಹಾಗೆ. ಇವರ ಸಂಶೋಧನೆಗೆ ಬೇಕಾದ ಹಳೆಯ ದಾಖಲೆಗಳು ಮುಂಬೈಯಲ್ಲಿ ಬೇರೆ ಇವೆ. ಶನಿವಾರ, ಭಾನುವಾರ ಹೋಗಿ ಬರುವ ಕೆಲಸ ಅಲ್ಲ.

ಭಾಷೆಯ ವಿಚಾರದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ.

ಬಯಲುಸೀಮೆ:

ಅತಿಥಿ ಉಪನ್ಯಾಸಕರ ಪಾಡು ನೀವು ಹೇಳಿದ ಹಾಗೇ ಇದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಂಗಿ, ನೆಟ್ ಮತ್ತೆ ಬರೆಯುವುದಾದರೆ ಇಷ್ಟು ಮಾಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಅರ್ಥವಾಗದ ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಪಕ್ಕದಲ್ಲಿ ಕನ್ನಡ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಹೀಗೇ ಮಾಡಿ ಜೆಆರ್‌ಎಫ್ ತೆಗೆದಳು. ಮೊದಲ ಪತ್ರಿಕೆಯನ್ನು ಕಡೆಗಣಿಸಬೇಡಿ. 300ರಲ್ಲಿ 100 ಅಂಕ ಅದಕ್ಕೇ. ನಮ್ಮವರು ಸೋಲುವುದು ಬಹುಪಾಲು ಅಲ್ಲೇ.

ಕೃಷ್ಣೆಯಾಚೆ:

ನಾನು ರಾಯಚೂರು ಕಡೆಯವನು, ಪರಿಶಿಷ್ಟ ಪಂಗಡ. ನನ್ನ ಪಿಎಚ್.ಡಿ ನಡೆಯುತ್ತಿರುವುದು ಎನ್‌ಎಫ್‌ಎಸ್‌ಟಿ ಅನ್ನುವ, ಪರಿಶಿಷ್ಟ ಪಂಗಡದವರಿಗಿರುವ ಕೇಂದ್ರದ ಫೆಲೋಶಿಪ್ ಹಣದಲ್ಲಿ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ನಮ್ಮ ಹುಡುಗರಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಜನಕ್ಕೆ ಕೊಡುತ್ತದೆ. ಆಯ್ಕೆ ಎಂ.ಎ ಅಥವಾ ಎಂ.ಎಸ್ಸಿ ಅಂಕದ ಮೇಲೆ, ನೆಟ್ ಬೇಕಿಲ್ಲ. ಆದರೆ ಪಿಎಚ್.ಡಿಗೆ ಸೇರಿರಬೇಕು. ಹಾಗೇ ಎಸ್‌ಸಿಗಳಿಗೆ ಎನ್‌ಎಫ್‌ಎಸ್‌ಸಿ, ಹಿಂದುಳಿದ ವರ್ಗಕ್ಕೆ ಎನ್‌ಎಫ್‌ಒಬಿಸಿ ಇವೆ. ಅವೆರಡಕ್ಕೆ ನೆಟ್ ಪರೀಕ್ಷೆಯ ಮೂಲಕವೇ ಆಯ್ಕೆ, ಅರ್ಜಿ ತುಂಬುವಾಗ ಆ ಕಾಲಂ ಬಿಡಬಾರದು. ಅಲ್ಪಸಂಖ್ಯಾತರಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತುಹೋಯಿತು. ಅದನ್ನೇ ನಂಬಿಕೊಂಡಿದ್ದ ಎಷ್ಟೋ ಮನೆಯ ಹೆಣ್ಣುಮಕ್ಕಳಿಗೆ ದೊಡ್ಡ ಹೊಡೆತ ಬಿತ್ತು.

ನಮ್ಮ ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳೂ ಪಿಎಚ್.ಡಿ ವಿದ್ಯಾರ್ಥಿಗಳಿಗೆ ನೆರವು ಕೊಡುತ್ತವೆ. ಪ್ರಕಟಣೆ ಬರುವ ಹೊತ್ತು ವರ್ಷ ವರ್ಷ ಬದಲಾಗುತ್ತದೆ. ಜಿಲ್ಲಾ ಕಚೇರಿಯಲ್ಲಿ ಒಬ್ಬರ ಪರಿಚಯ ಇಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಪ್ರಕಟಣೆ ಬಂದ ಮೇಲೆ ನಾಡಕಚೇರಿಗೆ ಓಡಿದರೆ ಕೊನೆಯ ದಿನ ದಾಟಿಹೋಗುತ್ತದೆ.

ಫೆಲೋಶಿಪ್ ಮಂಜೂರಾದ ಮೇಲೂ ಒಂದು ಕೆಲಸ ಇದೆ. ಯುಜಿಸಿ ಹಣ ಕೆನರಾ ಬ್ಯಾಂಕ್‌ನ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳೂ 'ಈ ವಿದ್ಯಾರ್ಥಿ ಕೆಲಸ ಮಾಡುತ್ತಿದ್ದಾನೆ' ಅಂತ ವಿಶ್ವವಿದ್ಯಾಲಯದಿಂದ ಒಬ್ಬರು ತುಂಬಬೇಕು, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಅಂತ ಕರೆಯುತ್ತಾರೆ. ಆ ಗುಮಾಸ್ತರು ರಜೆ ಹಾಕಿದರೆ ನಿಮ್ಮ ದುಡ್ಡು ನಿಂತಿತು. ತಿಂಗಳ ಕೊನೆಯ ವಾರ ಆ ಟೇಬಲ್ ಹತ್ತಿರ ಹೋಗಿ ನೆನಪಿಸುವುದೂ ಪಿಎಚ್.ಡಿಯ ಭಾಗ ಅಂತ ತಿಳಿದುಕೊಳ್ಳಿ. ಏನೇ ಮಾಡಿದರೂ ಮೊದಲ ಕಂತು ಬರುವುದು ತಡ. ಆರು ತಿಂಗಳ ಊಟ, ಹಾಸ್ಟೆಲ್ ಖರ್ಚಿಗೆ ಮೊದಲೇ ಒಂದು ವ್ಯವಸ್ಥೆ ಇರಲಿ.

ವರದಾತೀರ:

ಈ ಮೇಕರ್ ಚೆಕರ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಣ್ಣಾ, ತುಂಬಾ ಉಪಕಾರ ಆಯಿತು.

ಇನ್ನೊಂದು. ನಿನ್ನೆ ಒಬ್ಬರು ಫೋನ್ ಮಾಡಿದ್ದರು. ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡೇ ವರ್ಷದಲ್ಲಿ ಪಿಎಚ್.ಡಿ ಮಾಡಿಸಿಕೊಡುತ್ತಾರಂತೆ. ಪ್ರಬಂಧ ಬರೆಯಲು 'ಸಹಾಯ'ವೂ ಇದೆಯಂತೆ. ಮೂರು ಕಂತಲ್ಲಿ ಹಣ ಕಟ್ಟಬಹುದು ಅಂದರು. ನನಗೆ ಮನಸ್ಸಿಲ್ಲ, ಆದರೆ ನಮ್ಮ ಕಾಲೇಜಿನ ಇಬ್ಬರು ಹೋಗಲು ಯೋಚಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಶಾಲ್ಮಲಾ:

ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳಿ. ಪಿಎಚ್.ಡಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ ಬೇಕೇ ಬೇಕು, ಗರಿಷ್ಠ 6. ಎರಡು ವರ್ಷದಲ್ಲಿ ಅಂದ ಕೂಡಲೇ ಅದು ಸುಳ್ಳು ಅಂತ ಗೊತ್ತಾಯಿತಲ್ಲ. 2025ರ ಜನವರಿಯಲ್ಲಿ ಯುಜಿಸಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಐದು ವರ್ಷ ಪಿಎಚ್.ಡಿಗೆ ಯಾರನ್ನೂ ಸೇರಿಸಿಕೊಳ್ಳಬಾರದು ಅಂತ ತಡೆ ಹಾಕಿತು, ನಿಯಮ ಪಾಲಿಸದೆ ಪದವಿ ಕೊಟ್ಟಿದ್ದಕ್ಕೆ. ವಿದೇಶಿ ಸಂಸ್ಥೆಯ ಹೆಸರಿನಲ್ಲಿ ಆನ್‌ಲೈನ್ ಪಿಎಚ್.ಡಿ ಕೊಡುತ್ತೇವೆ ಅನ್ನುವ ಕಂಪನಿಗಳ ಬಗ್ಗೆಯೂ ಯುಜಿಸಿ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ, ಆ ಪದವಿಗೆ ಮಾನ್ಯತೆ ಇಲ್ಲ.

ಬೇರೆಯವರ ಕೈಯಲ್ಲಿ ಬರೆಸಿದ ಪ್ರಬಂಧ ನೇಮಕಾತಿಯ ದಿನ ಪರಿಶೀಲನೆಗೆ ಬರುತ್ತದೆ. ಅಷ್ಟೊತ್ತಿಗೆ ಕಟ್ಟಿದ ಹಣ, ವಯಸ್ಸು ಎರಡೂ ವಾಪಸ್ ಬರುವುದಿಲ್ಲ. ನಿಮ್ಮ ಸಹೋದ್ಯೋಗಿಗಳು ಒಳ್ಳೆಯವರೇ ಇರಬೇಕು. ಕೆಲಸ ಕಾಯಂ ಆಗಲು ಡಿಗ್ರಿ ಬೇಕು ಅನ್ನುವ ಒತ್ತಡ ಇಂಥ ಕಡೆಗೆ ತಳ್ಳುತ್ತದೆ. ಕೂರಿಸಿಕೊಂಡು ಸಮಾಧಾನದಿಂದ ಹೇಳಿ.

ನೆಕ್ಕರ್ ದಂಡೆ:

ಹುಬ್ಬಳ್ಳಿಯವಳು, ಈಗ ಜರ್ಮನಿಯಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ವಿದೇಶದ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಪಿಎಚ್.ಡಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಪ್ರತಿ ಸೆಮಿಸ್ಟರ್ ಒಂದು ಸಣ್ಣ ಮೊತ್ತ ಕಟ್ಟಬೇಕು. ಬಹಳ ಜನ ಒಂದು ಪ್ರಾಜೆಕ್ಟಿನಲ್ಲಿ ನೌಕರರಾಗಿ ಸೇರಿಯೇ ಪಿಎಚ್.ಡಿ ಮಾಡುತ್ತಾರೆ. ಸರ್ಕಾರಿ ವೇತನ ಶ್ರೇಣಿ, ಆರೋಗ್ಯ ವಿಮೆ, ರಜೆ ಎಲ್ಲ ಇರುತ್ತದೆ. ಸ್ವೀಡನ್, ನೆದರ್ಲೆಂಡ್ಸ್‌ನಲ್ಲೂ ಹೀಗೇ, ಪಿಎಚ್.ಡಿ ಅಂದರೆ ನೌಕರಿಯ ಜಾಹೀರಾತು ಬರುತ್ತದೆ, ಸಂದರ್ಶನ ಮಾಡುತ್ತಾರೆ. ಯುರೋಪಿನ ಇಂಥ ಜಾಹೀರಾತುಗಳು ಯುರ್‌ಆಕ್ಸೆಸ್ ತಾಣದಲ್ಲಿ ಒಂದೇ ಕಡೆ ಸಿಗುತ್ತವೆ. ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ನೆಟ್‌ವರ್ಕ್‌ಗಳೂ ಅಲ್ಲೇ ಬರುತ್ತವೆ. ಅದಕ್ಕೊಂದು ಷರತ್ತು: ಸೇರುವ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಿಂದ ನೇರವಾಗಿ ಬರುವವರಿಗೆ ಇದು ಅನುಕೂಲವೇ.

ಅಮೆರಿಕದಲ್ಲಿ ವಿಧಾನ ಬೇರೆ. ಪ್ರವೇಶ ಸಿಕ್ಕರೆ ಶುಲ್ಕ ಮಾಫಿ, ಪಾಠ ಮಾಡಿದ್ದಕ್ಕೋ ಸಂಶೋಧನೆಗೋ ಸ್ಟೈಪೆಂಡ್. ಅರ್ಜಿಗಳ ಗಡುವು ಬಹುಪಾಲು ಡಿಸೆಂಬರ್‌ನಲ್ಲಿ. ಪ್ರತಿ ಅರ್ಜಿಗೂ ಶುಲ್ಕ ಇರುತ್ತದೆ, ಆದರೆ ಮಾಫಿ ಕೇಳಿದರೆ ಎಷ್ಟೋ ಕಡೆ ಕೊಡುತ್ತಾರೆ. ಕೇಳದೇ ಇರಬೇಡಿ. 2025ರಲ್ಲಿ ಸಂಶೋಧನೆಯ ಹಣ ಕಡಿತ ಆಗಿ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ ಸೀಟು ಇಳಿಸಿದವು. ಅದೊಂದನ್ನೇ ನಂಬಿ ಕೂರುವ ಕಾಲ ಅಲ್ಲ ಇದು.

ಎಸ್‌ಸಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮನೆಯವರಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. 35 ವರ್ಷದೊಳಗಿರಬೇಕು, ಅಂಕ ಕನಿಷ್ಠ ಶೇ. 60, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗೆ.

ಈಗ ವರದಾತೀರ ಅವರಿಗೆ. ನಿಮ್ಮ ವಿಷಯಕ್ಕೆ ಇಲ್ಲಿ ದೊಡ್ಡ ಸಾಮಗ್ರಿ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅಂದರೆ ನೀವು ಹೇಳುವ ಹತ್ತಿ ಪ್ರಯೋಗ ನಡೆಯುವಾಗ ಅವರು ಅಲ್ಲೇ ಇದ್ದರು. ಅವರ ವರದಿ, ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇವೆ. ಓದುವುದು ಸುಲಭ ಅಲ್ಲ. ಹಳೆಯ ಜರ್ಮನ್ ಕೈಬರಹ, ಕುರೆಂಟ್ ಅಂತಾರೆ. ಎಲ್ಲ ಅಕ್ಷರವೂ ಕೋಲಿನ ಹಾಗೆ ಒಂದರ ಪಕ್ಕ ಒಂದು ನಿಂತಿರುತ್ತವೆ, ಇಲ್ಲಿನವರೇ ತರಬೇತಿ ತೆಗೆದುಕೊಂಡು ಓದುತ್ತಾರೆ. ಹೈಡೆಲ್‌ಬರ್ಗ್‌ನಲ್ಲಿ 1962ರಿಂದ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆ ಇದೆ, ಅಲ್ಲಿಗೂ ಒಂದು ಮೇಲ್ ಹಾಕಿ.

ಶಾಲ್ಮಲಾ:

ಇದಕ್ಕೆ ಒಂದು ಸೇರಿಸುತ್ತೇನೆ. ಪೂರ್ತಿ ವಿದೇಶಕ್ಕೆ ಹೋಗಲೇಬೇಕು ಅಂತಿಲ್ಲ. ಇಲ್ಲಿ ನೋಂದಣಿ ಮಾಡಿಸಿ, ದಾಖಲೆ ನೋಡಲು ಮಾತ್ರ ಹೋಗಿ ಬರಬಹುದು. ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಹೀಗೆ ಭಾರತದಲ್ಲಿ ನೋಂದಣಿ ಆದವರನ್ನು 6ರಿಂದ 9 ತಿಂಗಳು ಅಮೆರಿಕಕ್ಕೆ ಕಳಿಸುತ್ತದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆ ಇವೆ, ಅಂಥ ಭೇಟಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ನೆರವು ಕೊಡುತ್ತದೆ. ಜರ್ಮನಿಯ ಡಾಡ್ (DAAD) ಅನ್ನುವ ವಿದ್ಯಾರ್ಥಿ ವಿನಿಮಯ ಸಂಸ್ಥೆ ಎರಡು ದೇಶದ ಗೈಡ್‌ಗಳ ಕೈಕೆಳಗೆ ಪಿಎಚ್.ಡಿ ಮಾಡುವವರಿಗೆ ಹಣ ಕೊಡುತ್ತದೆ.

ಆದರೆ ಮೊದಲು ಹತ್ತಿರದ್ದು ಮುಗಿಸಿ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಂದಾಯ ಇಲಾಖೆಯ ಸಂಪುಟಗಳು ಮುಂಬೈಯಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ನೋಡಬೇಕು. ಆ ಕಾಲದ ಮರಾಠಿ ಕಾಗದಗಳು ಮೋಡಿ ಲಿಪಿಯಲ್ಲಿ ಇರುತ್ತವೆ. ಈಗಲೇ ಮೋಡಿ ಕಲಿಯಲು ಶುರು ಮಾಡಿ. ಧಾರವಾಡದ ಇತಿಹಾಸ ಮಾಡುತ್ತೇನೆ ಅಂತ ಬರುವವರಲ್ಲಿ ಮೋಡಿ ಬರುವವರು ತೀರಾ ಕಡಿಮೆ. ಯಾವ ಗೈಡ್ ಆದರೂ ಅಂಥವರನ್ನು ಬಿಟ್ಟುಕೊಡುವುದಿಲ್ಲ.

ಗಂಗಾವಳಿ:

ಈ ಚರ್ಚೆ ಓದುತ್ತಾ ಬಂದೆ. ಹೆಣ್ಣುಮಕ್ಕಳಿಗೆ ಸಂಬಂಧಪಟ್ಟದ್ದು ಸ್ವಲ್ಪ ಹೇಳುತ್ತೇನೆ. ನನ್ನ ಪಿಎಚ್.ಡಿ ನಡುವೆ ಮಗು ಆಯಿತು. ನಿಯಮದಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನ ರಜೆ ಇದೆ. ಮುಗಿಸಲು ಮಹಿಳೆಯರಿಗೆ 2 ವರ್ಷ ಹೆಚ್ಚಿಗೆ ಸಿಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಮಾಡಿದ ಕೆಲಸವನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲೂ ಅವಕಾಶ ಇದೆ. ಇವನ್ನು ಕಚೇರಿಯವರು ತಾವಾಗಿ ಹೇಳುವುದಿಲ್ಲ. ನಿಯಮದ ಪ್ರತಿ ಕೈಯಲ್ಲಿ ಹಿಡಿದುಕೊಂಡು ಕೇಳಬೇಕು.

ಇನ್ನೊಂದು, ಬರೆಯಲು ಬೇಜಾರಾದರೂ ಬರೆಯುತ್ತೇನೆ. ನನ್ನ ಮೊದಲ ಗೈಡ್ ಮನೆಯ ಕೆಲಸ ಹೇಳುತ್ತಿದ್ದರು. ಮಕ್ಕಳನ್ನು ಶಾಲೆಯಿಂದ ಕರೆತರುವುದು, ಅವರ ಪುಸ್ತಕದ ಪ್ರೂಫ್ ನೋಡುವುದು. ಯಾವ ಊರು, ಯಾರು ಅಂತ ಇಲ್ಲಿ ಬೇಡ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕಲ್ಲ, ಅಲ್ಲಿ ಏನು ಹೇಳುವುದಕ್ಕೂ ನನ್ನ ಹತ್ತಿರ ಕೆಲಸ ಆಗಿರಲಿಲ್ಲ. ಸಮಿತಿಯ ಒಬ್ಬ ಮೇಡಂ ಅರ್ಥ ಮಾಡಿಕೊಂಡು ಗೈಡ್ ಬದಲಾವಣೆಗೆ ಅರ್ಜಿ ಕೊಡಿಸಿದರು. ಬದಲಾಯಿತು, ಪ್ರಬಂಧ ಮುಗಿಯಿತು. ಆದ್ದರಿಂದ ಸೇರುವ ಮೊದಲೇ ಹಳೆಯ ವಿದ್ಯಾರ್ಥಿಗಳ ಹತ್ತಿರ ಮಾತಾಡಿ ಅಂತ ಶಾಲ್ಮಲಾ ಅವರು ಹೇಳಿದ್ದನ್ನು ಖಂಡಿತ ಮಾಡಿ. 'ಪ್ರಬಂಧ ಬಿಟ್ಟು ಬೇರೆ ಕೆಲಸ ಹೇಳುತ್ತಿದ್ದರಾ' ಅಂತ ನೇರವಾಗಿ ಕೇಳಿ.

ವರದಾತೀರ:

ಅಕ್ಕಾ, ಇದನ್ನು ಬರೆದಿದ್ದಕ್ಕೆ ತುಂಬಾ ಧನ್ಯವಾದ.

ಶೋಧಗಂಗಾದಲ್ಲಿ ಹುಡುಕಿ ಮೂವರು ಗೈಡ್‌ಗಳನ್ನು ಆರಿಸಿಕೊಂಡಿದ್ದೇನೆ. ಮೂವರಿಗೂ ನಿವೃತ್ತಿಗೆ ಸಮಯ ಇದೆ, ವಿಚಾರಿಸಿದೆ. ಮೇಲ್ ಬರೆದಿದ್ದೇನೆ, ಸರಿ ಇದೆಯಾ ನೋಡಿ:

"ಗೌರವಾನ್ವಿತರೇ, ನಾನು ಇತಿಹಾಸದಲ್ಲಿ ಎಂ.ಎ ಮುಗಿಸಿದ್ದೇನೆ. ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಪಿಎಚ್.ಡಿ ಮಾಡಲು ಬಹಳ ಆಸಕ್ತಿ ಇದೆ. ಸಂಶೋಧನೆ ನನ್ನ ಬಹುದಿನದ ಕನಸು. ದಯವಿಟ್ಟು ಅವಕಾಶ ಕೊಡಬೇಕಾಗಿ ವಿನಂತಿ."

ಶಾಲ್ಮಲಾ:

ಇದನ್ನು ದೇಶದ ಯಾವ ಗೈಡ್‌ಗೆ ಬೇಕಾದರೂ ಕಳಿಸಬಹುದು. ಅದೇ ಇದರ ತೊಂದರೆ. ಇಲ್ಲಿ ಹತ್ತಿಯೂ ಇಲ್ಲ, ಧಾರವಾಡವೂ ಇಲ್ಲ. ನಿಮ್ಮ ಮೊದಲ ಪೋಸ್ಟ್‌ನಲ್ಲಿ ಇದ್ದ ಬಿಸಿ ಇದರಲ್ಲಿ ಬರಲಿ. ಅವರ ವಿದ್ಯಾರ್ಥಿಯ ಪ್ರಬಂಧ ಓದಿದ್ದೀರಲ್ಲ, ಅದರಲ್ಲಿ ಏನು ಕಂಡಿತು ಅಂತ ಬರೆಯಿರಿ. ನೆಟ್ ಅಂಕ ಹಾಕಿ. ಪಿಎಚ್.ಡಿ ಪ್ರವೇಶಕ್ಕೆ ನಿಮ್ಮ ಗುಂಪಿನವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30, ಮತ್ತು ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ಕೆಲವು ರಾಜ್ಯ ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆಯನ್ನೂ ಮಾಡುತ್ತವೆ, ಅವರ ಪ್ರಕಟಣೆ ಪೂರ್ತಿ ಓದಿ. ಹಣದ ವಿಚಾರವೂ ಮೇಲ್‌ನಲ್ಲೇ ಇರಲಿ. ಗೈಡ್‌ಗೆ ಅದು ಮೊದಲೇ ಗೊತ್ತಿದ್ದರೆ ಯಾವ ಪ್ರಾಜೆಕ್ಟ್ ಖಾಲಿ ಇದೆ ಅಂತ ಹೇಳಬಹುದು.

ವರದಾತೀರ:

ಮತ್ತೆ ಬರೆದೆ:

"ಸರ್, ನಮಸ್ಕಾರ. 1840ರಿಂದ 1870ರವರೆಗೆ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೆಳೆದ ಸಣ್ಣ ರೈತರ ಸಾಲದ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ. ತಮ್ಮ ಮಾರ್ಗದರ್ಶನದಲ್ಲಿ ಮುಗಿದ, ಇದೇ ಸೀಮೆಯ ಸಂತೆಗಳ ಮೇಲಿನ ಪ್ರಬಂಧ ಓದಿದೆ. ಅದರಲ್ಲಿ ಹತ್ತಿಯ ಬೆಲೆ ವರ್ಷವಾರು ಇದೆ. ಬೆಲೆ ಬಿದ್ದ ಮೇಲೆ ರೈತರ ಜಮೀನು ಯಾರ ಕೈಗೆ ಹೋಯಿತು ಅನ್ನುವುದು ಬಂದಿಲ್ಲ. ಅಲ್ಲಿಂದ ನಾನು ಶುರು ಮಾಡಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ನೆಟ್‌ನಲ್ಲಿ ಪಿಎಚ್.ಡಿ ಪ್ರವೇಶಕ್ಕೆ ಅರ್ಹತೆ ಬಂದಿದೆ, ಅಂಕಪಟ್ಟಿ ಲಗತ್ತಿಸಿದ್ದೇನೆ. ಜೆಆರ್‌ಎಫ್‌ಗೆ ಮತ್ತೆ ಬರೆಯುತ್ತೇನೆ. ನೋಂದಣಿ ಆದರೆ ಐಸಿಎಚ್‌ಆರ್‌ಗೆ ಅರ್ಜಿ ಹಾಕುವ ಯೋಚನೆ ಇದೆ. ಮೋಡಿ ಲಿಪಿ ಕಲಿಯಲು ಶುರು ಮಾಡಿದ್ದೇನೆ. ಎರಡು ಪುಟದ ಟಿಪ್ಪಣಿ ಜೊತೆಗಿದೆ. ಒಂದು ದಿನ ಬಂದು ಭೇಟಿಯಾಗಬಹುದೇ?"

ಶಾಲ್ಮಲಾ:

ಕಳಿಸಿ. ಒಂದು ಅಕ್ಷರವೂ ಬದಲಾಯಿಸಬೇಡಿ. ಮೂವರಿಗೂ ಇದನ್ನೇ ಕಳಿಸದೆ, ಪ್ರತಿಯೊಬ್ಬರ ವಿದ್ಯಾರ್ಥಿಯ ಪ್ರಬಂಧ ಓದಿ ಆ ಭಾಗ ಬೇರೆ ಬೇರೆ ಬರೆಯಿರಿ. ಎರಡು ವಾರ ಉತ್ತರ ಬರದಿದ್ದರೆ ಬೇಜಾರು ಬೇಡ, ನಮ್ಮಲ್ಲಿ ಎಷ್ಟೋ ಜನ ಮೇಲ್ ನೋಡುವುದೇ ಅಪರೂಪ. ಟಿಪ್ಪಣಿ ಪ್ರಿಂಟ್ ಹಾಕಿಕೊಂಡು ವಿಭಾಗಕ್ಕೇ ಹೋಗಿ. ಮಧ್ಯಾಹ್ನ ಪಾಠ ಮುಗಿದ ಹೊತ್ತು ಸರಿಯಾದದ್ದು.

ಕೊಡಚಾದ್ರಿ:

ಮುಂದಿನ ನೆಟ್ ಅರ್ಜಿ ಬಂದ ಕೂಡಲೇ ತುಂಬಿ, ಗೈಡ್ ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ನೀವು ಒಬಿಸಿ ಆಗಿದ್ದರೆ ಕೆನೆಪದರ ಇಲ್ಲದ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ ಬೇಕು, ರಾಜ್ಯದ ನಮೂನೆ ನಡೆಯುವುದಿಲ್ಲ. ಅದಕ್ಕೆ ಈ ವಾರವೇ ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟುಬಿಡಿ.

ಬಯಲುಸೀಮೆ:

ಮೊದಲ ಪತ್ರಿಕೆಗೆ ನಾನು ಮಾಡಿಸಿದ ಇಂಗ್ಲಿಷ್-ಕನ್ನಡ ಪದಗಳ ನೋಟ್‌ಬುಕ್ ಇದೆ. ಸ್ಕ್ಯಾನ್ ಮಾಡಿ ನಾಳೆ ಇಲ್ಲೇ ಹಾಕುತ್ತೇನೆ. ಬೇಕಾದವರೆಲ್ಲ ಇಳಿಸಿಕೊಳ್ಳಿ.